ಪ್ರತಿಮೆ ಬೇಕಾದರೆ ಕಟ್ಟಿಸಿ, ಕಡತಕ್ಕೆ ಬೀಗ ಹಾಕಬೇಡಿ: ಇತಿಹಾಸದ ಉಸ್ತುವಾರಿ ಹೊತ್ತವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಯಾವ ದೇಶದವರು, ಯಾವ ಪಕ್ಷದವರು ಅನ್ನುವುದು ಈ ಪತ್ರಕ್ಕೆ ಮುಖ್ಯವಲ್ಲ. ಯಾರ ಪ್ರತಿಮೆ ಎಲ್ಲಿರಬೇಕು, ಯಾವ ದಿನಕ್ಕೆ ರಜೆ ಕೊಡಬೇಕು, ಯಾವ ರಸ್ತೆಗೆ ಯಾರ ಹೆಸರಿಡಬೇಕು, ಪಠ್ಯಪುಸ್ತಕದಿಂದ ಯಾವ ಪಾಠ ತೆಗೆಯಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ನೀವು ಕೂತಿದ್ದೀರಿ. ಮಂತ್ರಿಗಳಿರಬಹುದು, ಕಾರ್ಯದರ್ಶಿಗಳಿರಬಹುದು, ಸಮಿತಿಯ ಸದಸ್ಯರಿರಬಹುದು. ಪತ್ರ ನಿಮಗೇ. ಎಲ್ಲರ ಎದುರಿಗೆ ಬರೆಯುತ್ತಿರುವುದಕ್ಕೆ ಕಾರಣ, ಇದರಲ್ಲಿ ನಮ್ಮಂಥ ಸಾಮಾನ್ಯರ ಪಾಲೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

"ಇತಿಹಾಸವನ್ನು ಇತಿಹಾಸಕಾರರಿಗೆ ಬಿಟ್ಟು ನೀವು ದೂರ ಇರಿ" ಅಂತ ಕೇಳಲು ನಾನು ಬಂದಿಲ್ಲ. ಕೇಳೋಕೆ ಚೆನ್ನಾಗಿದೆ, ಆದರೆ ಅದು ನಡೆಯುವ ಮಾತಲ್ಲ. ಸರ್ಕಾರ ಅಂದಮೇಲೆ ಅದಕ್ಕೊಂದು ಲಾಂಛನ ಬೇಕು, ನೋಟಿನ ಮೇಲೊಂದು ಮುಖ ಬೇಕು, ವರ್ಷಕ್ಕೊಮ್ಮೆ ಧ್ವಜ ಹಾರಿಸಲು ಒಂದು ದಿನ ಬೇಕು. ಶಾಲೆಯಲ್ಲಿ ಮಕ್ಕಳಿಗೆ ಏನಾದರೂ ಹೇಳಿಕೊಡಲೇಬೇಕು. ಎಲ್ಲವನ್ನೂ ಹೇಳಲು ಆಗುವುದಿಲ್ಲ, ಹಾಗಾಗಿ ಆರಿಸಲೇಬೇಕು. ಆರಿಸಿ, ನನ್ನ ತಕರಾರಿಲ್ಲ. ಆದರೆ ನೀವು ಆರಿಸಿದ್ದು ಸರಿಯೋ ತಪ್ಪೋ ಎಂದು ತೋರಿಸುವ ಕಾಗದಗಳೂ ಬಹಳಷ್ಟು ಸಲ ನಿಮ್ಮ ಸುಪರ್ದಿಯಲ್ಲೇ ಇರುತ್ತವೆ. ಕಥೆ ಹೇಳುವವರೂ ನೀವೇ, ಸಾಕ್ಷಿಯನ್ನು ಕಪಾಟಿನಲ್ಲಿ ಇಟ್ಟುಕೊಂಡವರೂ ನೀವೇ. ನನ್ನ ಅಹವಾಲು ಇರುವುದು ಆ ಕಪಾಟಿನ ಬಗ್ಗೆ.

ಇದು ಇವತ್ತಿನ ಕೆಲಸವಲ್ಲ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ತನ್ನ ಕಳಿಂಗ ಯುದ್ಧದ ಬಗ್ಗೆ ತಾನೇ ಬಂಡೆಯ ಮೇಲೆ ಬರೆಸಿದ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಿದ್ದು, ಒಂದು ಲಕ್ಷ ಜನ ಹತರಾಗಿದ್ದು, ಅದರ ಎಷ್ಟೋ ಪಟ್ಟು ಜನ ಸತ್ತಿದ್ದು, ಇದೆಲ್ಲ ನೆನೆದು ತನಗೆ ನೋವಾಗಿದ್ದು 13ನೇ ಶಿಲಾಶಾಸನದಲ್ಲಿ ಇದೆ. ಗೆದ್ದ ರಾಜ ತನ್ನ ಗೆಲುವಿನ ಜೊತೆಗೆ ಹೆಣಗಳ ಲೆಕ್ಕವನ್ನೂ ಬರೆಸುವುದು ಆಗಲೂ ಅಪರೂಪ, ಈಗಲೂ ಅಪರೂಪ. ಆದರೆ ಯುದ್ಧ ನಡೆದ ಕಳಿಂಗದಲ್ಲೇ, ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ, ಈ ಶಾಸನ ಇಲ್ಲ. ಅಲ್ಲಿ ಬೇರೆ ಎರಡು ಶಾಸನಗಳನ್ನು ಹಾಕಿಸಿದ. ಜನರೆಲ್ಲ ನನ್ನ ಮಕ್ಕಳು ಎಂದು ಅವು ಹೇಳುತ್ತವೆ. ದೂರದವರ ಮುಂದೆ ಪಶ್ಚಾತ್ತಾಪ, ಪೆಟ್ಟು ತಿಂದವರ ಮುಂದೆ ಸಮಾಧಾನದ ಮಾತು! ಅದು ಜಾಣತನವೋ, ಸಂಕೋಚವೋ, ಗಾಯ ಕೆದಕಬಾರದೆಂಬ ಕಾಳಜಿಯೋ, ಈಗ ಯಾರು ಹೇಳಬೇಕು? ಕಾಲ್ಸಿ, ಶಾಬಾಜ್‌ಗಢಿಯಂಥ ದೂರದ ಕಡೆಯ ಬಂಡೆಗಳು ಉಳಿದಿದ್ದರಿಂದ ಎರಡನ್ನೂ ಪಕ್ಕದಲ್ಲಿಟ್ಟು ಓದುವ ಅವಕಾಶ ನಮಗೆ ಸಿಕ್ಕಿತು. ಧೌಲಿಯದ್ದು ಮಾತ್ರ ಉಳಿದಿದ್ದರೆ, ಆ ರಾಜನ ಬಾಯಿಂದಲೇ ಬಂದ ಸಾವಿನ ಲೆಕ್ಕ ನಮಗೆ ಸಿಗುತ್ತಿರಲಿಲ್ಲ.

1950ರಲ್ಲಿ ಸಾರನಾಥದ ಅಶೋಕನ ಸಿಂಹಗಳು ಒಂದು ಹೊಸ ಗಣರಾಜ್ಯದ ಲಾಂಛನವಾದವು. ಅದೂ ಹಿಂದಿನದರ ಬಳಕೆಯೇ, ಅಲ್ವಾ? ಯುದ್ಧ ಮಾಡಿದ ಅಶೋಕನನ್ನು ಬಿಟ್ಟು ಯುದ್ಧ ಬಿಟ್ಟ ಅಶೋಕನನ್ನು ಆರಿಸಿಕೊಂಡರು. ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಯಾಕೆ ಒಳ್ಳೆಯದು ಅಂದರೆ, ಆ ಇನ್ನೊಬ್ಬ ಅಶೋಕನನ್ನು ಯಾರೂ ಬಚ್ಚಿಡಬೇಕಾಗಿರಲಿಲ್ಲ. ಅವನ ಸಾಕ್ಷಿ ಬಯಲಲ್ಲೇ ಇತ್ತು.

ಪ್ರತಿಮೆಗಳ ಜಗಳದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಒಂದೇ ಉದಾಹರಣೆ ಸಾಕು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಎಡ್ವರ್ಡ್ ಕೋಲ್ಸ್ಟನ್ ಗುಲಾಮರ ವ್ಯಾಪಾರದಲ್ಲಿದ್ದವನು. ಸತ್ತದ್ದು 1721ರಲ್ಲಿ, ಪ್ರತಿಮೆ ಎದ್ದದ್ದು 1895ರಲ್ಲಿ. ನಗರದ ಅತ್ಯಂತ ಸದ್ಗುಣಿ, ವಿವೇಕಿ ಪುತ್ರರಲ್ಲಿ ಒಬ್ಬ ಎಂದು ಫಲಕದಲ್ಲಿತ್ತು. ಗುಲಾಮರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಇನ್ನೊಂದು ಫಲಕ ಹಾಕೋಣ ಎಂದು ಮಾತುಕತೆ ನಡೆಯಿತು. ಅದರಲ್ಲಿ ಏನು ಬರೆಯಬೇಕು ಎಂದು ಜಗಳವಾಯಿತು. ಫಲಕ ಬರಲೇ ಇಲ್ಲ. (ಸಮಿತಿಗಳಲ್ಲಿ ಕೂತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.) 2020ರ ಜೂನ್ 7ರಂದು ಜನ ಪ್ರತಿಮೆಯನ್ನು ಹಗ್ಗ ಹಾಕಿ ಉರುಳಿಸಿ ಬಂದರಿನ ನೀರಿಗೆ ತಳ್ಳಿದರು. ಆಮೇಲೆ ಅದನ್ನು ಎತ್ತಿ, ಮೈಮೇಲಿನ ಬಣ್ಣದ ಗೀಚುಗಳ ಸಮೇತ ಮ್ಯೂಸಿಯಂನಲ್ಲಿ ಮಲಗಿಸಿಟ್ಟರು. ನನ್ನನ್ನು ಕೇಳಿದರೆ, ಮಲಗಿದ ಪ್ರತಿಮೆ ಈಗ ಹೇಳುವಷ್ಟು ಇತಿಹಾಸವನ್ನು ಅದು ನಿಂತಿದ್ದಾಗ ಹೇಳಿರಲಿಲ್ಲ.

ಪ್ರತಿಮೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಜಗಳ ಆಗುತ್ತದೆ. ಕಡತ ಕಾಣುವುದಿಲ್ಲ. ಅದಕ್ಕೇ ಅದರ ಬಗ್ಗೆ ಜಾಸ್ತಿ ಬರೆಯಬೇಕು.

1950ರ ದಶಕದಲ್ಲಿ ಕೀನ್ಯಾದಲ್ಲಿ ಬ್ರಿಟಿಷರ ವಿರುದ್ಧ ಮೌ ಮೌ ದಂಗೆ ಎದ್ದಿತು. ಸಾವಿರಾರು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿ ಹೊಡೆದರು, ಹಿಂಸಿಸಿದರು. 1957ರಲ್ಲಿ ಅಲ್ಲಿನ ವಸಾಹತು ಸರ್ಕಾರದ ಅಟಾರ್ನಿ ಜನರಲ್ ಎರಿಕ್ ಗ್ರಿಫಿತ್-ಜೋನ್ಸ್ ಗವರ್ನರ್‌ಗೆ ಒಂದು ಪತ್ರ ಬರೆದ. ನಾವು ಪಾಪ ಮಾಡುವುದೇ ಆದರೆ ಸದ್ದಿಲ್ಲದೆ ಮಾಡಬೇಕು ಎಂಬ ಮಾತು ಅದರಲ್ಲಿದೆ. ಕಾನೂನು ಕಾಯಬೇಕಾದವನ ಕೈಬರಹ ಇದು! 1961ರಲ್ಲಿ ಲಂಡನ್‌ನಿಂದ ವಸಾಹತುಗಳಿಗೆಲ್ಲ ಸೂಚನೆ ಹೋಯಿತು. ಸ್ವಾತಂತ್ರ್ಯ ಕೊಟ್ಟು ಹೊರಡುವಾಗ ಬ್ರಿಟಿಷ್ ಸರ್ಕಾರಕ್ಕೆ ಮುಜುಗರ ತರಬಹುದಾದ ಕಾಗದಗಳನ್ನು ಹೊಸ ಸರ್ಕಾರದ ಕೈಗೆ ಕೊಡಬೇಡಿ ಎಂದು. ಸುಡುವುದಾದರೆ ಬೂದಿಯನ್ನೂ ಪುಡಿ ಮಾಡಿ ಎಂದು. ಸಮುದ್ರಕ್ಕೆ ಹಾಕುವುದಾದರೆ ಪೆಟ್ಟಿಗೆಗೆ ಭಾರ ಕಟ್ಟಿ, ಆಳ ಇರುವ ಕಡೆ ಮುಳುಗಿಸಿ ಎಂದು. ಬೂದಿಯನ್ನು ಕೂಡ ನಂಬದ ಆಡಳಿತ ಅದು.

ಸುಡದೆ ಉಳಿದ ಕಡತಗಳನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ಸಾಗಿಸಿದರು. ಸ್ವತಂತ್ರ ಕೀನ್ಯಾ ಅವುಗಳನ್ನು ವಾಪಸ್ ಕೇಳಿತು, ಸಿಗಲಿಲ್ಲ. ದಶಕಗಟ್ಟಲೆ ಅವು ಯಾವ ಸಾರ್ವಜನಿಕ ಪಟ್ಟಿಯಲ್ಲೂ ಇರಲಿಲ್ಲ. 2009ರಲ್ಲಿ, ಶಿಬಿರಗಳಲ್ಲಿ ಹಿಂಸೆ ಅನುಭವಿಸಿದ್ದ ಕೆಲವು ವೃದ್ಧರು ಲಂಡನ್‌ನಲ್ಲಿ ಮೊಕದ್ದಮೆ ಹೂಡಿದರು. ಅವರ ಪರವಾಗಿ ಇತಿಹಾಸಕಾರರು ಸಾಕ್ಷಿಗೆ ನಿಂತರು, ಕಡತಗಳು ಇರಲೇಬೇಕು ಎಂದು ಪಟ್ಟು ಹಿಡಿದರು. 2011ರಲ್ಲಿ ಸರ್ಕಾರ ಒಪ್ಪಿಕೊಳ್ಳಬೇಕಾಯಿತು. ಹ್ಯಾನ್ಸ್‌ಲೋಪ್ ಪಾರ್ಕ್ ಎಂಬಲ್ಲಿ, ವಿದೇಶಾಂಗ ಇಲಾಖೆಯ ಕಟ್ಟಡದಲ್ಲಿ, ಕೀನ್ಯಾದ್ದೇ ಸುಮಾರು 1,500 ಕಡತಗಳಿದ್ದವು. ಒಟ್ಟು 37 ಹಳೆಯ ವಸಾಹತುಗಳ ಕಾಗದಗಳು ಅಲ್ಲಿ ಸೇರಿದ್ದವು. 2013ರ ಜೂನ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಹೇಗ್ ಸಂಸತ್ತಿನಲ್ಲಿ ವಿಷಾದ ಹೇಳಿದರು. 5,228 ಜನರಿಗೆ, ವೆಚ್ಚವೂ ಸೇರಿ, 1.99 ಕೋಟಿ ಪೌಂಡ್ ಪರಿಹಾರ ಸಿಕ್ಕಿತು. ನೈರೋಬಿಯಲ್ಲಿ ಒಂದು ಸ್ಮಾರಕಕ್ಕೂ ಬ್ರಿಟನ್ ಹಣ ಕೊಟ್ಟಿತು. 2015ರಲ್ಲಿ ಅದರ ಅನಾವರಣ ಆಯಿತು.

ಈ ಕ್ರಮ ನೋಡಿ. ಮೊದಲು ಕಡತ ಹೊರಬಂತು, ಆಮೇಲೆ ವಿಷಾದ, ಆಮೇಲೆ ಹಣ, ಕೊನೆಗೆ ಸ್ಮಾರಕ. ಕಡತ ಸಿಕ್ಕದೇ ಹೋಗಿದ್ದರೆ ಆ ವೃದ್ಧರ ಮಾತಿಗೆ ಎದುರಾಗಿ ಸರ್ಕಾರದ ಒಂದು "ಇಲ್ಲ" ಸಾಕಾಗುತ್ತಿತ್ತು.

ಕಟೀನ್ ಪ್ರಕರಣವೂ ಇಂಥದ್ದೇ, ಇನ್ನೂ ಕರಾಳ. 1940ರ ವಸಂತದಲ್ಲಿ ಸೋವಿಯತ್ ಗುಪ್ತ ಪೊಲೀಸರು ಸುಮಾರು 22,000 ಪೋಲಿಷ್ ಸೆರೆಯಾಳುಗಳನ್ನು ರಷ್ಯಾದ ಕಟೀನ್ ಕಾಡೂ ಸೇರಿ ಹಲವು ಕಡೆ ಕೊಂದು ಹೂತರು. ಸಿಕ್ಕಿಬಿದ್ದಾಗ ಇದು ಜರ್ಮನ್ನರು 1941ರಲ್ಲಿ ಮಾಡಿದ್ದು ಎಂದರು. ಆ ಒಂದು ವರ್ಷದಲ್ಲೇ ಎಲ್ಲ ಇತ್ತು. 1940 ಎಂದರೆ ಆ ಕಾಡು ಸೋವಿಯತ್ ಕೈಯಲ್ಲಿತ್ತು, 1941ರ ಬೇಸಿಗೆ ಕಳೆದಮೇಲೆ ಎಂದರೆ ಜರ್ಮನ್ ಕೈಯಲ್ಲಿ. 1976ರಲ್ಲಿ ಲಂಡನ್‌ನ ಒಂದು ಸ್ಮಶಾನದಲ್ಲಿ ಅಲ್ಲಿನ ಪೋಲಿಷರು ಸ್ಮಾರಕ ಕಟ್ಟಿಸಿ 1940 ಎಂದೇ ಕೆತ್ತಿಸಿದರು. ಬ್ರಿಟಿಷ್ ಸರ್ಕಾರ ತನ್ನ ಪ್ರತಿನಿಧಿಯನ್ನು ಕಳಿಸಲಿಲ್ಲ. ಕಲ್ಲಿನ ಮೇಲಿನ ನಾಲ್ಕು ಅಂಕಿಗೆ ಅಷ್ಟು ಹೆದರಿಕೆ.

ನನಗೆ ಮತ್ತೆ ಮತ್ತೆ ನೆನಪಾಗುವುದು ಮಾತ್ರ 1959ರ ಒಂದು ಟಿಪ್ಪಣಿ. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಮುಖ್ಯಸ್ಥ ಶೆಲೆಪಿನ್ ಅದನ್ನು ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ಬರೆದದ್ದು. ಕೊಲೆಯಾದವರ ಒಂದೊಂದು ಕಡತವನ್ನೂ ಇಟ್ಟುಕೊಂಡು ಉಪಯೋಗವಿಲ್ಲ, ನಾಶ ಮಾಡೋಣ ಎಂದು ಅದರಲ್ಲಿ ಸಲಹೆ ಕೊಟ್ಟಿದ್ದ. ಎಷ್ಟು ಜನ ಎಂದು ಲೆಕ್ಕವನ್ನೂ ಕೊಟ್ಟಿದ್ದ, 21,857. ಸಾಕ್ಷಿ ಅಳಿಸಲು ಬರೆದ ಕಾಗದವೇ ಕೊನೆಗೆ ಸಾಕ್ಷಿಯಾಯಿತು. 1990ರ ಏಪ್ರಿಲ್‌ನಲ್ಲಿ ಮಾಸ್ಕೋ ತಪ್ಪು ಒಪ್ಪಿಕೊಂಡಿತು. ಸ್ಟಾಲಿನ್ ಸಹಿ ಇದ್ದ 1940ರ ಮಾರ್ಚ್ 5ರ ಕಾಗದ ಎರಡು ವರ್ಷದ ಮೇಲೆ ಪೋಲೆಂಡಿನ ಕೈ ಸೇರಿತು. ಒಮ್ಮೆ ತೆರೆದ ಬಾಗಿಲು ತೆರೆದೇ ಇರುತ್ತದೆ ಎಂದೇನೂ ಇಲ್ಲ. ಸ್ಟಾಲಿನ್ ಕಾಲದ ಬಲಿಪಶುಗಳ ಹೆಸರು ಸಂಗ್ರಹಿಸುತ್ತಿದ್ದ 'ಮೆಮೋರಿಯಲ್' ಸಂಸ್ಥೆಯನ್ನು 2021ರ ಡಿಸೆಂಬರ್‌ನಲ್ಲಿ ರಷ್ಯಾದ ಸುಪ್ರೀಂ ಕೋರ್ಟ್ ಮುಚ್ಚಿಸಿತು. ಮರುವರ್ಷ ಅದೇ ಸಂಸ್ಥೆ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡಿತು.

ಇದೆಲ್ಲ ಸರ್ವಾಧಿಕಾರಿಗಳ, ಸಾಮ್ರಾಜ್ಯಗಳ ಕಥೆ, ನಮ್ಮದು ಪ್ರಜಾಪ್ರಭುತ್ವ ಎಂದು ನೀವು ಹೇಳಬಹುದು. ಸರಿ, ಫ್ರಾನ್ಸ್ ನೋಡೋಣ. 2005ರ ಫೆಬ್ರವರಿಯಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿತು. ಸಮುದ್ರದಾಚೆಯ ನಾಡುಗಳಲ್ಲಿ, ಅದರಲ್ಲೂ ಉತ್ತರ ಆಫ್ರಿಕಾದಲ್ಲಿ, ಫ್ರೆಂಚರು ವಹಿಸಿದ ಒಳ್ಳೆಯ ಪಾತ್ರವನ್ನು ಶಾಲೆಯ ಪಠ್ಯದಲ್ಲಿ ಗುರುತಿಸಬೇಕು ಎಂದು ಅದರ 4ನೇ ವಿಧಿ ಹೇಳಿತು. ಇತಿಹಾಸಕಾರರು ತಿರುಗಿಬಿದ್ದರು. ಮರುವರ್ಷ ಆ ಮಾತನ್ನು ತೆಗೆದುಹಾಕಬೇಕಾಯಿತು. 2018ರಲ್ಲಿ ಪೋಲೆಂಡ್ ಇನ್ನೊಂದು ದಾರಿ ಹಿಡಿಯಿತು. ನಾಜಿ ಅಪರಾಧಗಳಲ್ಲಿ ಪೋಲಿಷ್ ಜನಾಂಗಕ್ಕೂ ಪಾಲಿದೆ ಎಂದವರಿಗೆ ಮೂರು ವರ್ಷದವರೆಗೆ ಜೈಲು ಎಂದಿತು. ಹೊರದೇಶಗಳಿಂದ ಗಲಾಟೆ ಎದ್ದಮೇಲೆ ಜೂನ್‌ನಲ್ಲಿ ಜೈಲಿನ ಮಾತು ಕೈಬಿಟ್ಟಿತು. ಯಹೂದ್ಯರ ಹತ್ಯಾಕಾಂಡ ನಡೆದೇ ಇಲ್ಲ ಎನ್ನುವವರನ್ನು ಶಿಕ್ಷಿಸುವ ಕಾನೂನು ಬೇರೆ, ಅದು ಬೇಕು ಎಂದು ವಾದಿಸುವವರಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ, ನಾನು ಅವರೊಡನೆ ಜಗಳಕ್ಕೆ ಹೋಗುವುದಿಲ್ಲ. ಆದರೂ ಸಂಸತ್ತು ಬಹುಮತದಿಂದ ಹಿಂದಿನದನ್ನು ತೀರ್ಮಾನಿಸಬಹುದು ಎಂದು ಒಂದು ಸಲ ಒಪ್ಪಿಕೊಂಡರೆ, ಮುಂದಿನ ಬಹುಮತ ಯಾರದ್ದೋ!

ಫ್ರಾನ್ಸಿನದ್ದೇ ಇನ್ನೊಂದು ಸಂಗತಿ ನಿಮ್ಮಂಥ ಅಧಿಕಾರಿಗಳು ಗಮನಿಸಬೇಕಾದದ್ದು. ಮಾರಿಸ್ ಓದಾಂ ಎಂಬ ಯುವ ಗಣಿತಜ್ಞ 1957ರಲ್ಲಿ, ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಅಲ್ಜೀರ್ಸ್‌ನಲ್ಲಿ ಫ್ರೆಂಚ್ ಸೈನಿಕರ ವಶದಲ್ಲಿದ್ದಾಗ ಕಾಣೆಯಾದ. 2018ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಮ್ಯಾಕ್ರೋನ್ ಇದಕ್ಕೆ ಫ್ರೆಂಚ್ ಸರ್ಕಾರವೇ ಹೊಣೆ ಎಂದು ಒಪ್ಪಿಕೊಂಡರು, ಕಾಣೆಯಾದವರ ಕುರಿತ ದಾಖಲೆಗಳನ್ನು ತೆರೆಯುವುದಾಗಿ ಹೇಳಿದರು. ಒಳ್ಳೆಯ ಮಾತು. ಆದರೆ ಇನ್ನೊಂದು ಕಡೆ, 50 ವರ್ಷ ದಾಟಿ ಕಾನೂನಿನ ಪ್ರಕಾರ ತೆರೆದಿರಬೇಕಾಗಿದ್ದ ಕಾಗದಗಳ ಮೇಲೂ "ರಹಸ್ಯ" ಎಂಬ ಮುದ್ರೆ ಇದ್ದರೆ ಒಂದೊಂದನ್ನೂ ಮತ್ತೆ ಅನುಮತಿ ಪಡೆದೇ ತೋರಿಸಬೇಕು ಎಂಬ ಆಡಳಿತ ಸೂಚನೆಯನ್ನು ಬಿಗಿ ಮಾಡಿದರು. ಭಾಷಣದಲ್ಲಿ ತೆರೆದ ಬಾಗಿಲನ್ನು ಸುತ್ತೋಲೆಯಲ್ಲಿ ಮುಚ್ಚಿದ ಹಾಗಾಯಿತು. ಇತಿಹಾಸಕಾರರು ಮತ್ತು ಪತ್ರಾಗಾರದ ನೌಕರರು ಒಟ್ಟಿಗೆ ದೂರು ಕೊಟ್ಟರು. 2021ರ ಜುಲೈನಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಆ ಸೂಚನೆಯನ್ನು ರದ್ದು ಮಾಡಿತು. ಅದೇ ತಿಂಗಳು ಸಂಸತ್ತು ಹೊಸ ಕಾನೂನು ತಂದು ಕೆಲವು ಬಗೆಯ ಕಾಗದಗಳಿಗೆ ಮತ್ತೆ ವಿನಾಯಿತಿ ಕೊಟ್ಟಿತು. ಮಂತ್ರಿಗಳ ಭಾಷಣಕ್ಕಿಂತ ಗುಮಾಸ್ತರ ಸುತ್ತೋಲೆಯನ್ನೇ ನಾನು ಮೊದಲು ಓದುವುದು ಇದಕ್ಕೇ.

ಪಠ್ಯಪುಸ್ತಕಕ್ಕೆ ಬಂದರೆ ಜಪಾನಿನ ಇತಿಹಾಸಕಾರ ಇಯೆನಾಗ ಸಬುರೊ ಅವರ ಹೆಸರು ಹೇಳದೆ ಮುಂದೆ ಹೋಗಲಾಗದು. ಪುಸ್ತಕ ಬರೆದವರು ಅವರು, ತಿದ್ದಲು ಹೇಳಿದ್ದು ಶಿಕ್ಷಣ ಸಚಿವಾಲಯ. 1965ರಲ್ಲಿ ಕೋರ್ಟಿಗೆ ಹೋದರು. ಒಂದಾದ ಮೇಲೊಂದರಂತೆ ಮೂರು ಮೊಕದ್ದಮೆ. ಕೊನೆಯ ತೀರ್ಪು ಬಂದದ್ದು 1997ರಲ್ಲಿ, 32 ವರ್ಷದ ಮೇಲೆ. ಪಠ್ಯ ಪರಿಶೀಲನೆಯ ವ್ಯವಸ್ಥೆ ಸಂವಿಧಾನಬದ್ಧವೇ ಎಂದು ಕೋರ್ಟ್ ಹೇಳಿತು. ಆದರೆ ಸೆರೆಯಾಳುಗಳ ಮೇಲೆ ಪ್ರಯೋಗ ನಡೆಸಿದ ಜಪಾನ್ ಸೇನೆಯ 731ನೇ ಘಟಕದ ವಿವರ ತೆಗೆಸಿದ್ದು ಕಾನೂನುಬಾಹಿರ ಎಂದಿತು. ಅರ್ಧ ಗೆಲುವು. ಬೇರೆ ದಾರಿಯೂ ಇದೆ. ಜರ್ಮನಿ ಮತ್ತು ಫ್ರಾನ್ಸ್ ಒಂದೇ ಇತಿಹಾಸ ಪುಸ್ತಕವನ್ನು ಎರಡು ಭಾಷೆಯಲ್ಲಿ ತಂದವು, ಮೊದಲ ಸಂಪುಟ 2006ರಲ್ಲಿ ಬಂತು. ಒಂದೇ ಜೀವಮಾನದಲ್ಲಿ ಎರಡು ಮಹಾಯುದ್ಧ ಆಡಿದ ದೇಶಗಳಿಗೆ ಇದು ಸಾಧ್ಯವಾಯಿತು.

ಕಡತ ತೆರೆದರೆ ಊರಿಗೆ ಬೆಂಕಿ ಬೀಳುತ್ತದೆ ಎಂಬ ಮಾತನ್ನು ಎಲ್ಲ ಸರ್ಕಾರಗಳೂ ಹೇಳುತ್ತವೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಇಲಾಖೆ, ಸ್ಟಾಸಿ, ಜನರ ಮೇಲೆ ಬರೆದಿಟ್ಟ ಕಡತಗಳನ್ನು ಸಾಲಾಗಿ ಇಟ್ಟರೆ ಸುಮಾರು 111 ಕಿಲೋಮೀಟರ್ ಆಗುತ್ತವೆ. 1990ರ ಜನವರಿ 15ರಂದು ಜನ ಬರ್ಲಿನ್‌ನ ಅದರ ಕೇಂದ್ರ ಕಚೇರಿಗೆ ನುಗ್ಗಿದರು. ಅಷ್ಟರಲ್ಲಿ ಅಧಿಕಾರಿಗಳು ಸಾಧ್ಯವಾದಷ್ಟು ಹರಿದುಹಾಕಿದ್ದರು, ಹರಿದ ಚೂರುಗಳೇ 15,000ಕ್ಕೂ ಜಾಸ್ತಿ ಚೀಲ ತುಂಬಿದವು. ಉಳಿದದ್ದನ್ನೂ ಮುಚ್ಚಿಡಿ, ಸೇಡಿನ ಕೊಲೆಗಳಾಗುತ್ತವೆ ಎಂದು ಹಲವರು ಎಚ್ಚರಿಸಿದರು. 1991ರಲ್ಲಿ ಕಾನೂನು ಆಯಿತು, 1992ರ ಜನವರಿಯಿಂದ ಜನ ತಮ್ಮ ಕಡತವನ್ನು ತಾವೇ ಓದತೊಡಗಿದರು. ಬೇರೆಯವರ ಖಾಸಗಿ ವಿವರಗಳನ್ನು ಮರೆಮಾಡಿ ಕೊಡುತ್ತಿದ್ದರು. ಕೆಲವರಿಗೆ ಗೆಳೆಯರೇ, ಮನೆಯವರೇ ಸುದ್ದಿ ಕೊಡುತ್ತಿದ್ದರು ಎಂದು ತಿಳಿಯಿತು. ಸಂಸಾರಗಳು ಒಡೆದವು, ಕೆಲಸ ಹೋದವು. ಹೆದರಿದಂತೆ ರಕ್ತ ಮಾತ್ರ ಹರಿಯಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಉಲ್ಟಾ ಆಯಿತು. ವರ್ಣಭೇದದ ಸರ್ಕಾರ ಅಧಿಕಾರ ಬಿಡುವ ಮುಂಚೆ, 1993ರಲ್ಲಿ, ಅದರ ಗುಪ್ತಚರ ಇಲಾಖೆಯ ಕೇಂದ್ರ ಕಚೇರಿಯೊಂದರಲ್ಲೇ ಸುಮಾರು 44 ಟನ್ ದಾಖಲೆ ನಾಶವಾಯಿತು. ಆಮೇಲೆ ಡೆಸ್ಮಂಡ್ ಟುಟು ಅವರ ಸತ್ಯ ಮತ್ತು ಸಂಧಾನ ಆಯೋಗ ಕೂತು ಸಾವಿರಾರು ಜನರ ಮಾತು ಕೇಳಿತು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ತಮ್ಮವರನ್ನು ಯಾರು ಕರೆದೊಯ್ದರು, ಎಲ್ಲಿ ಹೂತರು ಎಂದು ಕೇಳಿದ ಎಷ್ಟೋ ತಾಯಂದಿರಿಗೆ ಉತ್ತರ ಸಿಗಲಿಲ್ಲ. ಕಣ್ಣೀರಿಗೆ ವೇದಿಕೆ ಸಿಕ್ಕಿತು, ಕಾಗದ ಸಿಗಲಿಲ್ಲ.

ಇನ್ನು ನಮ್ಮ ಪಾಲು. ಸರ್ಕಾರಗಳು ಕಥೆ ಕಟ್ಟುವುದು ಕೇಳುವವರು ಇದ್ದಾರೆ ಎಂಬ ಧೈರ್ಯದಿಂದ. ನಮ್ಮವರು ಗೆದ್ದ ಯುದ್ಧ ಬೇಕು, ನಮ್ಮವರು ಮಾಡಿದ ಲೂಟಿ ಬೇಡ. ನಮಗಾದ ಅನ್ಯಾಯಕ್ಕೆ ಸ್ಮಾರಕ ಬೇಕು, ನಮ್ಮಿಂದ ಆದದ್ದರ ಮಾತೆತ್ತಿದರೆ ಸಿಟ್ಟು ಬರುತ್ತದೆ. 1389ರ ಕೊಸೊವೊ ಯುದ್ಧದ 600ನೇ ವರ್ಷಕ್ಕೆ, 1989ರ ಜೂನ್ 28ರಂದು, ಸೆರ್ಬಿಯಾದ ನಾಯಕ ಮಿಲೊಶೆವಿಚ್ ಭಾಷಣ ಮಾಡಿದಾಗ ಮೈದಾನದಲ್ಲಿ ಲಕ್ಷಾಂತರ ಜನ ಸೇರಿದ್ದರು. ಆರು ಶತಮಾನದ ಹಿಂದಿನ ತಮ್ಮವರ ಸೋಲನ್ನು ನಿನ್ನೆಯದೆಂಬಂತೆ ಕೇಳಿದರು. ಎರಡು ವರ್ಷದಲ್ಲಿ ಯುಗೊಸ್ಲಾವಿಯ ಯುದ್ಧಕ್ಕೆ ಬಿತ್ತು. ಭಾಷಣ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಅವತ್ತು ಚಪ್ಪಾಳೆ ತಟ್ಟಿದವರು ಸರ್ಕಾರಿ ನೌಕರರು ಮಾತ್ರವೇ?

ಹಾಗಾಗಿ ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಸ್ಮಾರಕಕ್ಕೋ ಶತಮಾನೋತ್ಸವಕ್ಕೋ ಹಣ ಮಂಜೂರು ಮಾಡುವ ಆದೇಶದಲ್ಲೇ, ಆ ಘಟನೆಯ ಯಾವ ಕಡತಗಳನ್ನು ಯಾವ ದಿನಾಂಕದಿಂದ ಜನ ನೋಡಬಹುದು ಎಂದೂ ಬರೆಯಿರಿ. ತೆರೆಯಲಾಗದ್ದು ಇದ್ದರೆ ಅದರ ಪಟ್ಟಿಯನ್ನಾದರೂ ಹಾಕಿ. ಹ್ಯಾನ್ಸ್‌ಲೋಪ್‌ನ ದೊಡ್ಡ ತೊಂದರೆ ಬೀಗವಲ್ಲ, ಅಲ್ಲಿ ಏನಿದೆ ಎಂದು ಹೊರಗಿನವರಿಗೆ ಗೊತ್ತೇ ಇಲ್ಲದ್ದು. ಪ್ರತಿಮೆಯ ಫಲಕದಲ್ಲಿ ಆ ವ್ಯಕ್ತಿಯ ಹುಟ್ಟು ಸಾವಿನ ಜೊತೆಗೆ, ಪ್ರತಿಮೆಯನ್ನು ಯಾವ ವರ್ಷ, ಯಾರು, ಯಾರ ಹಣದಲ್ಲಿ ನಿಲ್ಲಿಸಿದರು ಎಂದೂ ಕೆತ್ತಿಸಿ. ಪಠ್ಯ ಸಮಿತಿಯಲ್ಲಿ ಒಪ್ಪದೇ ಇದ್ದವರ ಟಿಪ್ಪಣಿಯನ್ನು ವರದಿಯ ಜೊತೆಗೇ ಪ್ರಕಟಿಸಿ. ಹಳೆಯ ಕಡತಗಳ ವಿಲೇವಾರಿ ಮಾಡುವಾಗ ಏನನ್ನು ನಾಶ ಮಾಡಿದಿರಿ, ಯಾರ ಆದೇಶದ ಮೇಲೆ ಎಂಬ ಪುಸ್ತಕವೊಂದನ್ನು ಇಡಿ, ಅದು ಯಾವತ್ತೂ ನಾಶವಾಗಬಾರದು. ಅನಾವರಣದ ಸಮಾರಂಭಕ್ಕೆ ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಪತ್ರಾಗಾರಕ್ಕೆ ಕೊಡಿ. ಅಲ್ಲಿ ಕಾಗದಕ್ಕೆ ಗೆದ್ದಲು ಹತ್ತದಂತೆ ನೋಡಿಕೊಳ್ಳುವವರ, ಪಟ್ಟಿ ಮಾಡುವವರ, ಕೇಳಿ ಬಂದವರಿಗೆ ಕಡತ ತೆಗೆದುಕೊಡುವವರ ಹುದ್ದೆಗಳು ಖಾಲಿ ಇದ್ದರೆ, ಮುಂದಿನ ಜಯಂತಿಗೆ ಮುಂಚೆ ಅವನ್ನು ತುಂಬಿ.

ಇಂತಿ,
ಒಬ್ಬ ಓದುಗ